ಆರುಮುಗಂ ಏರಿಯಲ್ಲಿಟ್ಟ ಏರಿಯಲ್

ಉರಿಗಾಂನ ಚಿನ್ನದ ಗಣಿ ಕಾರ್ಮಿಕರ ಲೈನುಮನೆಗಳಲ್ಲಿ ಆರುಮುಗಂ ಮನೆ ಯಾವುದು ಎಂದು ಕೇಳಿದರೆ ಜನ ‘ಯಾವ ಆರುಮುಗಂ’ ಎಂದು ತಿರುಗಿ ಕೇಳುತ್ತಾರೆ. ಏರಿಯಲ್ ಆರುಮುಗಂ ಎಂದರೆ ಸಾಕು, ಬೀದಿಯ ನಾಯಿಯೂ ಎದ್ದು ದಾರಿ ತೋರಿಸುತ್ತದೆ. ಹೆತ್ತವರು ದೇವರ ಹೆಸರಿಟ್ಟು ಆರು ಮುಖ ದಯಪಾಲಿಸಿದ್ದರೂ ಮನುಷ್ಯ ನೋಡಿದ್ದು ಯಾವಾಗಲೂ ಒಂದೇ ಕಡೆ, ಮೇಲಕ್ಕೆ. ಅವನ ಅಪ್ಪ ಕಬ್ಬಿಣದ ಪಂಜರದಲ್ಲಿ ನಿಂತು ಭೂಮಿಯ ಹೊಟ್ಟೆಗೆ ಇಳಿದು ಬದುಕಿದವನು. ಮಗನಿಗೆ ಆ ಇಳಿತ ಹಿಡಿಸಲಿಲ್ಲ. ಏಣಿ ಕಂಡಲ್ಲೆಲ್ಲ ಹತ್ತುತ್ತಿದ್ದ. ಅಪ್ಪ ಇಳಿಮುಗಂ, ಮಗ ಏರುಮುಗಂ ಎಂದು ಲೈನಿನ ಹಿರಿಯರು ನಗುತ್ತಿದ್ದರು.

ಮನೆಮನೆಗೆ ಟಿವಿ ಬಂದ ಕಾಲದಲ್ಲಿ ತಗಡಿನ ಛಾವಣಿಗಳ ಮೇಲೆ ಮೀನಿನ ಮುಳ್ಳಿನಂಥ ಏರಿಯಲ್ಲುಗಳು ಎದ್ದವು. ಗಾಳಿ ಬೀಸಿದರೆ ಅವು ತಿರುಗುತ್ತಿದ್ದವು, ಕಾಗೆ ಕೂತರೆ ಬಾಗುತ್ತಿದ್ದವು, ಭಾನುವಾರ ಸಂಜೆ ಸಿನಿಮಾ ಶುರುವಾಗುವ ಹೊತ್ತಿಗೆ ಯಾವ ಕಾರಣವೂ ಇಲ್ಲದೆ ಕೈಕೊಡುತ್ತಿದ್ದವು. ಆಗ ಆರುಮುಗಂಗೆ ಕರೆ ಹೋಗುತ್ತಿತ್ತು. ಅವನು ಮೇಲೆ ನಿಂತು ಪೈಪು ತಿರುಗಿಸುತ್ತ ‘ಬಂತಾ’ ಎನ್ನುವನು. ಒಂದು ಮನೆಯವರು ‘ವಂದುಚ್ಚು’ ಎನ್ನುವರು, ಪಕ್ಕದವರು ‘ವಚ್ಚಿಂದಿ’ ಎನ್ನುವರು, ಮೂರನೆಯವರು ‘ಬಂತು, ಬಂತು, ಓಯ್ತು’ ಎನ್ನುವರು. ಮೂರು ಭಾಷೆಯಲ್ಲೂ ಬರುವುದಕ್ಕೂ ಹೋಗುವುದಕ್ಕೂ ನಡುವೆ ಒಂದು ಬೆರಳಿನ ಅಂತರವಿತ್ತು. ಆ ಬೆರಳು ಆರುಮುಗಂನದು.

ಪುಷ್ಪ ಅವನಿಗೆ ಸಿಕ್ಕಿದ್ದೂ ಹಾಗೆಯೇ. ಕಾಮಸಮುದ್ರದ ಕಡೆಯ ಹಳ್ಳಿಯಿಂದ ಚಿಕ್ಕಮ್ಮನ ಮನೆಗೆ ಬಂದಿದ್ದ ಹುಡುಗಿ, ಛಾವಣಿಯ ಮೇಲಿದ್ದವನಿಗೆ ಅಂಗಳದಿಂದ ‘ಬಂತು’ ಎಂದು ಕೂಗಿದಳು. ಅವನು ಇಳಿದು ಬಂದ. ಮದುವೆಗೆ ಹುಡುಗಿಯ ತಾಯಿ ಅಮ್ಮಾಜಮ್ಮ ಒಪ್ಪಿದರು, ಆದರೆ ಚಿತ್ರ ಬಂದರೂ ಧ್ವನಿ ಬರಲಿಲ್ಲ. ಅವರ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ಪದ್ಧತಿಯಿಲ್ಲ. ಅಳಿಯ ತಮಿಳಿನವನೆಂಬ ಕಾರಣಕ್ಕೆ ಅಮ್ಮಾಜಮ್ಮ ಆ ಪದ್ಧತಿಯನ್ನು ಇನ್ನಷ್ಟು ನಿಷ್ಠೆಯಿಂದ ಪಾಲಿಸಿದರು. ಅವರ ಮಾತೆಲ್ಲ ಪುಷ್ಪ ಎಂಬ ಮರುಪ್ರಸಾರ ಕೇಂದ್ರದ ಮೂಲಕವೇ ಅವನಿಗೆ ತಲುಪಬೇಕು. ಪುಷ್ಪ ಒಲೆಯ ಮುಂದಿದ್ದರೆ ಕಂಬಕ್ಕೆ ಹೇಳುವರು. ಕಂಬ ದೂರವಿದ್ದರೆ ಹಸುವಿಗೆ. “ಅಳಿಯಂದಿರು ಎರಡು ಸಲ ಅನ್ನ ಆಕ್ಕೊಂಡ್ರು, ಸಾರು ಸಾಕೋ ಬೇಕೋ ಯಾರು ಬಲ್ಲರು,” ಎಂದು ಕೊಟ್ಟಿಗೆಯ ಕಡೆ ನೋಡಿ ಹೇಳಿದರೆ ಆರುಮುಗಂ ಕೂಡ ಕೊಟ್ಟಿಗೆಯ ಕಡೆ ನೋಡಿಯೇ ಸಾಕು ಎನ್ನುತ್ತಿದ್ದ. ಹಸು ತಲೆಯಾಡಿಸುತ್ತಿತ್ತು.

ಗಣಿ ಮುಚ್ಚಿತು. ಕೇಬಲ್ ಬಂತು, ಅದರ ಹಿಂದೆಯೇ ಡಿಶ್ ಬಂತು. ಒಣಗಿಸಿದ ಹಪ್ಪಳಗಳಂತೆ ಡಿಶ್ಶುಗಳು ಎಲ್ಲ ಮಾಡಿನ ಮೇಲೂ ಕೂತ ದಿನ ಆರುಮುಗಂಗೆ ದಿಶೆ ತಪ್ಪಿತು. ಯಾರೂ ಅವನನ್ನು ಮೇಲೆ ಕರೆಯುತ್ತಿರಲಿಲ್ಲ. ಲೈನಿನವರೆಲ್ಲ ಡಿಶ್ ಹಾಕಿಸಿದರೂ ಅವನು ಹಾಕಿಸಲಿಲ್ಲ. “ಗಾಳೀಲಿ ಸುಮ್ಮನೆ ಬರೋದನ್ನ ತಟ್ಟೆಯಲ್ಲಿ ಹಿಡೀತಾರಾ? ತಟ್ಟೆ ಹಿಡಿಯೋನು ಭಿಕ್ಷುಕ,” ಎಂದು ಹೇಳಿಕೊಂಡು ತಿರುಗಿದ. ಹಳೆಯ ಪ್ರಸಾರ ಪೂರ್ತಿ ನಿಂತು ಟಿವಿಯಲ್ಲಿ ಬರೀ ಇರುವೆ ಹರಿದಾಡತೊಡಗಿದ ಮೇಲೂ ಕೆಲವು ಸಂಜೆ ಆ ಇರುವೆಗಳನ್ನೇ ನೋಡುತ್ತ ಕೂತಿರುತ್ತಿದ್ದ.

ಹೊಟ್ಟೆಪಾಡಿಗೆ ಅವನು ಮಾರಿಕುಪ್ಪಂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಾನೆ. ಅಲ್ಲಿ ಮನೆ ಖಾಲಿ ಮಾಡಿದ ಒಬ್ಬರು ಒಂದು ಚಿಕ್ಕ ಟಿವಿಯನ್ನೂ ಅದರ ಏರಿಯಲ್ಲನ್ನೂ ಕಸದ ಕೋಣೆಯ ಮುಂದೆ ಇಟ್ಟರು. “ಈಗ ಡಿಜಿಟಲ್ ಪ್ರಸಾರ ಇದೆಯಪ್ಪ, ಡಿಶ್ ಬೇಡ, ಬಾಡಿಗೆ ಬೇಡ. ಏರಿಯಲ್ ಟವರಿನ ಕಡೆ ತಿರುಗಿಸಿ, ಟಿವಿಯಲ್ಲಿ ಚಾನೆಲ್ ಹುಡುಕಿಸಿದರೆ ಆಯ್ತು. ನಮಗೆ ನೋಡೋಕೆ ಪುರಸೊತ್ತಿಲ್ಲ,” ಎಂದರು. ಪುರಸೊತ್ತು ಆರುಮುಗಂನ ಬಳಿ ಬೇಕಾದಷ್ಟಿತ್ತು; ಗೇಟು ಕಾಯುವುದೆಂದರೆ ಅದೇ ತಾನೇ. ಅವನು ಟಿವಿಯನ್ನು ತೊಡೆಯ ಮೇಲೆ, ಏರಿಯಲ್ಲನ್ನು ತಲೆಯ ಮೇಲೆ ಇಟ್ಟುಕೊಂಡು ಸಂಜೆಯ ರೈಲಿನ ನೂಕುನುಗ್ಗಲಿನಲ್ಲಿ ಊರಿಗೆ ತಂದ.

“ಅಣ್ಣ, ಮೀನು ತಿಂದುಬಿಟ್ಟು ಮನೆಯೋರಿಗೆ ಮುಳ್ಳು ತಗೊಂಡೋಗ್ತಾ ಇದ್ದೀರಾ?” ಎಂದು ಬಾಗಿಲಲ್ಲಿ ನೇತಾಡುತ್ತಿದ್ದವನೊಬ್ಬ ಕೇಳಿದ.

“ದಿನಾ ನಾನು ಬೆಂಗಳೂರಿಗೆ ಓಗ್ತೀನಲ್ಲ,” ಎಂದ ಆರುಮುಗಂ, “ಒಂದು ದಿನ ಬೆಂಗಳೂರು ನಮ್ಮನೆಗೆ ಬರ್ಲಿ.”

ಬೆಂಗಳೂರು ಬರಲಿಲ್ಲ. ಅವನ ಮನೆಗೂ ಬೆಂಗಳೂರಿಗೂ ಮಧ್ಯೆ ಸೈನೇಡ್ ದಿಬ್ಬ ಮಲಗಿತ್ತು. ಬಂಗಾರವನ್ನೆಲ್ಲ ಅರೆದು ತೆಗೆದು ಲಂಡನ್ನಿಗೆ ಕಳಿಸಿದ ಮೇಲೆ ಉಳಿದ ಬೂದಿಮಣ್ಣನ್ನು ಬ್ರಿಟಿಷರು ಗುಡ್ಡದ ಹಾಗೆ ಒಟ್ಟಿ ಹೋಗಿದ್ದರು. ಚಿನ್ನ ಹೋದದ್ದಕ್ಕೆ ಆರುಮುಗಂ ಎಂದೂ ಬೇಸರಪಟ್ಟವನಲ್ಲ. ಮಣ್ಣನ್ನು ಬಿಟ್ಟುಹೋದದ್ದಕ್ಕೆ ಈಗ ಮಹಾರಾಣಿಯಿಂದ ಹಿಡಿದು ಎಲ್ಲರನ್ನೂ ಶಪಿಸಿದ.

ಹಳೆಯ ಕಾಲವಾಗಿದ್ದರೆ ಅರ್ಧಂಬರ್ಧ ಚಿತ್ರವಾದರೂ ಬರುತ್ತಿತ್ತು. ವಾರ್ತೆ ಓದುವವರ ಪಕ್ಕದಲ್ಲಿ ಅವರದೇ ದೆವ್ವ ಕೂತು ಓದಿದರೂ ವಾರ್ತೆ ವಾರ್ತೆಯೇ. ಡಿಜಿಟಲ್ಲಿಗೆ ಅಂಥ ದಯೆ ದಾಕ್ಷಿಣ್ಯವಿಲ್ಲ. ಬಂದರೆ ಕನ್ನಡಿ, ಬಾರದಿದ್ದರೆ ಕತ್ತಲೆ. ಈ ತತ್ವವನ್ನು ಅವನು ಲೈನಿನ ತುಂಬ ಬೋಧಿಸಿದ. “ಇದರಲ್ಲಿ ಮಸುಕು ಅನ್ನೋದೇ ಇಲ್ಲ. ಬಣ್ಣ ಕೆಡೋದೂ ಇಲ್ಲ. ಏರಿಯಲ್ ಎಷ್ಟೇ ಅಲ್ಲಾಡ್ಲಿ, ಬಂದರೆ ಪೂರ್ತಿ ಬತ್ತದೆ, ಇಲ್ಲಾಂದ್ರೆ ಇಲ್ಲ.” ಅವನ ಟಿವಿ ಎರಡನೆಯ ಭಾಗವನ್ನು ಮಾತ್ರ ಸಾಬೀತು ಮಾಡುತ್ತಿತ್ತು. ನೋ ಸಿಗ್ನಲ್ ಎಂಬ ನೀಲಿ ಅಕ್ಷರ ನೋಡಿ ನೋಡಿ ಪುಷ್ಪಳಿಗೆ ಕಣ್ಣು ನೋವು ಬಂತು.

“ಸಿಗ್ನಲ್ ಸಿಗ್ನಲ್ ಅಂತೀರ, ಸಿಗಲ್ಲ ಅಂತ ಅದೇ ಏಳ್ತಾ ಐತಲ್ರೀ,” ಎಂದಳು.

ಹೀಗಿರುವಾಗ ಅಮ್ಮಾಜಮ್ಮ ಟಿವಿಗೆ ಬಂದರು. ಬೆಂಗಳೂರಿನಿಂದ ದೂರದರ್ಶನದ ರೈತರ ಕಾರ್ಯಕ್ರಮದವರು ಅವರ ಹಳ್ಳಿಯ ಹಾಲಿನ ಡೇರಿಗೆ ಬಂದು, ಹಸುವಿನ ಕೆಚ್ಚಲು ಬಾವು ತಡೆಯುವುದು ಹೇಗೆಂದು ಅವರ ಬಾಯಿಂದಲೇ ಹೇಳಿಸಿ, ಶಶಿರೇಖಳ ಜೊತೆ ನಿಲ್ಲಿಸಿ ಚಿತ್ರ ತೆಗೆದುಕೊಂಡು ಹೋದರು. ಶಶಿರೇಖ ಎಂದರೆ ಹಸು. ಹಣೆಯ ಮೇಲೆ ಬಿದಿಗೆ ಚಂದ್ರನ ಹಾಗೆ ಬಿಳಿ ಗೆರೆಯಿದ್ದದ್ದಕ್ಕೆ ಆ ಹೆಸರು. ಗುರುವಾರ ಸಂಜೆ ಕಾರ್ಯಕ್ರಮ ಎಂದು ಫೋನು ಬಂತು.

ನೋಡುವುದೆಲ್ಲಿ ಎಂಬುದು ಪ್ರಶ್ನೆಯಾಯಿತು. ಹಳ್ಳಿಯಲ್ಲಿ ಅಮ್ಮಾಜಮ್ಮನ ಮನೆಯಲ್ಲಿ ಟಿವಿಯಿಲ್ಲ. ಫೋನಿನಲ್ಲಿ ನೋಡಬಹುದೆಂದು ಯಾರೋ ಹೇಳಿದ್ದಕ್ಕೆ, “ಅಷ್ಟು ದೊಡ್ಡ ಹಸುನ ಅಂಗೈಯಾಗೆ ನೋಡಾದಾ?” ಎಂದರು. ಎದುರು ಮನೆಯ ಅನಸೂಯಮ್ಮನ ಮನೆಯಲ್ಲಿ ಡಿಶ್ ಇತ್ತು. ಆದರೆ ಹೆಸರಿಗಷ್ಟೇ ಅನಸೂಯೆ. ಟಿವಿಯವರು ತನ್ನ ಹಸುವನ್ನು ಬಿಟ್ಟು ಶಶಿರೇಖಳನ್ನು ಆರಿಸಿದ ದಿನದಿಂದ ಆಕೆ ಈ ಕಡೆ ತಲೆ ಹಾಕಿರಲಿಲ್ಲ. ಈ ಸಂಕಟವನ್ನು ಪುಷ್ಪ ಫೋನಿನಲ್ಲಿ ಕೇಳಿಸಿಕೊಳ್ಳುತ್ತಿರುವಾಗ ಪಕ್ಕದಲ್ಲಿದ್ದ ಆರುಮುಗಂನ ಬಾಯಿಂದ ಮಾತು ಜಾರಿತು. “ನಮ್ಮನೆಗೆ ಬರೋಕೇಳು. ಡಿಜಿಟಲ್ಲಾಗೆ ಅತ್ತೇನ ಕನ್ನಡಿ ಅಂಗೆ ತೋರಿಸ್ತೀನಿ.”

ಆ ಕಡೆಯಿಂದ, “ಅಳಿಯಂದಿರು ಏಳಿದ್ರೆ ಸರಿ ಇರ್ತದೆ. ಬತ್ತೀನಿ ಅಂತೇಳಮ್ಮ,” ಎಂದು ಕೇಳಿಸಿತು. ಅತ್ತೆ ಅವನ ಮಾತಿಗೆ ಬೆಲೆ ಕೊಟ್ಟದ್ದು ಅದೇ ಮೊದಲು. ಆಗ ಆರುಮುಗಂಗೆ ತಾನು ಆಡಿದ್ದೇನೆಂದು ಹೊಳೆಯಿತು. ಮುದುಕಿ ಅಷ್ಟು ದೂರದಿಂದ ಬಂದು, ತನ್ನನ್ನು ತಾನು ನೋಡದೆ ವಾಪಸು ಬಸ್ಸು ಹತ್ತಿದರೆ, ಆರರಲ್ಲಿ ಯಾವ ಮುಖ ಹೊತ್ತುಕೊಂಡು ಅವನು ಆ ಊರಿಗೆ ಮತ್ತೆ ಕಾಲಿಡಬೇಕು?

ಗುರುವಾರ ಅವನು ಕೆಲಸಕ್ಕೆ ರಜೆ ಹಾಕಿ ಬೆಳಗಿನಿಂದ ಛಾವಣಿಯ ಮೇಲಿದ್ದ. ಮಧ್ಯಾಹ್ನ ಅಮ್ಮಾಜಮ್ಮ ಬಂದಿಳಿದರು. ಚಿತ್ರ ತೆಗೆಸಿಕೊಂಡ ದಿನ ಉಟ್ಟಿದ್ದ ಹಸಿರು ಸೀರೆಯನ್ನೇ ಉಟ್ಟಿದ್ದರು.

“ಇದ್ಯಾಕಮ್ಮ ಇಂಥ ಬಿಸಿಲಾಗೆ ರೇಷ್ಮೆ ಸೀರೆ?” ಎಂದಳು ಪುಷ್ಪ.

“ಟಿವಿ ಒಳಗಡೆ ಬರೋಳು ನಾನೇ ಅಂತ ನೋಡೋರ್ಗೆ ಗೊತ್ತಾಗಬ್ಯಾಡವಾ?” ಎಂದು ಅವರು ಕತ್ತೆತ್ತಿ ಛಾವಣಿ ನೋಡಿದರು. “ಅಳಿಯಂದಿರು ಯಾಕೆ ಮೇಲವ್ರೆ?”

“ನಿನ್ನ ಬರಮಾಡ್ಕಳಕ್ಕೆ.”

ಬರಮಾಡಿಕೊಳ್ಳಲು ಟಿವಿ ಸಿದ್ಧವಿರಲಿಲ್ಲ. ಹುಡುಕು ಎಂದು ಒತ್ತಿದರೆ ಅದು ಸೊನ್ನೆಯಿಂದ ನೂರರವರೆಗೆ ಹುಡುಕಿ, ಏನೂ ಸಿಗಲಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತಿತ್ತು. ಕಾರ್ಯಕ್ರಮಕ್ಕೆ ಇನ್ನು ಒಂದು ಗಂಟೆಯಿದೆ ಎನ್ನುವಾಗ ಆರುಮುಗಂ ಸೋತು ಇಳಿದು ಬಂದು, ತಟ್ಟೆ ಹಿಡಿದವರ ಮನೆಗೆ ಅತ್ತೆಯನ್ನು ಕರೆದೊಯ್ಯಲು ಮಾತ್ರ ಮನಸ್ಸೊಪ್ಪದೆ, ಬಂಗಾರಪೇಟೆಯಲ್ಲಿ ರೈಲು ನಿಲ್ದಾಣದ ಪಕ್ಕ ಟಿವಿ ರಿಪೇರಿ ಅಂಗಡಿಯಿಟ್ಟಿರುವ ಚಲಪತಿಗೆ ಫೋನು ಹಚ್ಚಿದ. ಎಲ್ಲರೂ ಕೇಳಲೆಂದು ಸ್ಪೀಕರು ಹಾಕಿದ.

“ಆರುಮುಗಣ್ಣ, ಆ ದಿಬ್ಬದ ಮರೆಯಾಗೆ ಕುಂತ್ಕಂಡು ಬೆಂಗಳೂರು ಬಾ ಅಂದ್ರೆ ಬತ್ತದಾ?” ಎಂದ ಚಲಪತಿ. “ಒಂದ್ಕೆಲ್ಸ ಮಾಡಿ. ಏರಿಯಲ್…” ಅಷ್ಟರಲ್ಲಿ ಬಂಗಾರಪೇಟೆಗೆ ಒಂದು ರೈಲು ಬಂತು. ಅದರ ಕೂಗು ಒಂದು ಪದವನ್ನು ಇಡಿಯಾಗಿ ನುಂಗಿತು. “…ಇಟ್ಟು ನೋಡಿ,” ಎಂದು ಬಾಲ ಮಾತ್ರ ಕೇಳಿಸಿ ಫೋನು ಕಡಿದುಹೋಯಿತು. ಆಮೇಲೆ ಎಷ್ಟು ಸಲ ಮಾಡಿದರೂ ಅವನು ಸಿಗಲಿಲ್ಲ.

ರೈಲು ನುಂಗಿದ ಪದ ‘ಎತ್ತರಕ್ಕೆ’ ಎಂಬುದು ಅವರಿಗೆ ಗೊತ್ತಾದದ್ದು ಮರುದಿನ. ಆ ಹೊತ್ತಿಗೆ ಮನೆಯಲ್ಲಿ ಎಲ್ಲರ ಕಿವಿಗೂ ಬಿದ್ದದ್ದು ಒಂದೇ: ಏರಿಯಲ್ಲಿಟ್ಟು ನೋಡಿ.

ಇಲ್ಲಿಯ ನೆಲದಲ್ಲಿ ಕಿವಿಗೆ ಬಿದ್ದದ್ದು ಒಂದೇ ಆದರೂ ತಲೆಗೆ ಹೋಗುವುದು ಬೇರೆಬೇರೆ. ಕನ್ನಡದಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಏರಿ ಎಂದರೆ ಕೆರೆಯೇ. ಅತ್ತೆ, ಮಗಳು ಕಟ್ಟೆಗೆ ಹೊರಟರು. ಅಳಿಯ ಕೆರೆಗೆ ಹೊರಟ. ಲೈನಿನ ಹಿಂದೆ ಎರಡೂ ಒಂದೇ ಕಡೆ ಇದ್ದುದರಿಂದ ಭಿನ್ನಾಭಿಪ್ರಾಯ ತಕ್ಷಣ ಬೆಳಕಿಗೆ ಬರಲಿಲ್ಲ.

ಪಕ್ಕದ ಮನೆಯ ವೆಂಕಿಯ ಬಳಿ ಮೈಕು ಕಟ್ಟಿದ ಆಟೋ ಇತ್ತು. ಸಾವು, ಸಂತೆ, ಸೀರೆ ಮಾರಾಟ ಎಲ್ಲವನ್ನೂ ಒಂದೇ ರಾಗದಲ್ಲಿ ಸಾರುವ ಆಟೋ ಅದು. ಬ್ಯಾಟರಿ, ಇನ್ವರ್ಟರು ಸದಾ ಅದರೊಳಗೇ ಇರುತ್ತವೆ. ಟಿವಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಕೇಬಲ್ ಕಾಲ ಮುಗಿದಾಗ ಊರಿನ ಛಾವಣಿಗಳಿಂದ ಇಳಿಸಿ ಕೂಡಿಟ್ಟಿದ್ದ ವೈರಿನ ಸುರುಳಿಯನ್ನೂ ಸಿಗ್ನಲ್ ಹೆಚ್ಚಿಸುವ ಬೂಸ್ಟರನ್ನೂ ಪಕ್ಕದಲ್ಲಿಟ್ಟು, ಆರುಮುಗಂ ಠೀವಿಯಿಂದ ಟಿವಿಯ ಜೊತೆ ಕೂತ. ಹೆಂಗಸರು ಏರಿಯಲ್ ಹೊತ್ತು ನಡೆದು ಬಂದರು. ಅದು ಆಟೋದಲ್ಲಿ ಹಿಡಿಸಲಿಲ್ಲ.

ಕೆರೆಯಲ್ಲಿ ನೀರೊಂದನ್ನು ಬಿಟ್ಟು ಬೇಕಾದ್ದೆಲ್ಲ ಇತ್ತು. ಜಾಲಿ ಗಿಡ, ಒಡೆದ ಬಾಟಲಿ, ಕ್ರಿಕೆಟ್ ಆಡುವವರ ಸ್ಟಂಪು, ಕೆರೆ ಅಭಿವೃದ್ಧಿಯಾಗಿದೆ ಎನ್ನುವ ಬೋರ್ಡು. ಆರುಮುಗಂ ಆಟೋವನ್ನು ಆ ಬೋರ್ಡು ದಾಟಿಸಿ ಕೆರೆಯ ನಡುಮಧ್ಯಕ್ಕೆ ಇಳಿಸಿದ. ಅಲ್ಲಿ ಹೋದ ವಾರದ ಮಳೆಯ ಕೆಸರು ಸ್ವಲ್ಪ ಉಳಿದಿತ್ತು. ಆಟೋದ ಹಿಂದಿನ ಗಾಲಿ ಅದನ್ನು ಹುಡುಕಿಕೊಂಡು ಹೋಗಿ ಹೂತುಕೊಂಡಿತು.

“ಆರುಮುಗಣ್ಣ, ಇಡೀ ಉರಿಗಾಂನಲ್ಲಿ ಇದಕ್ಕಿಂತ ತಗ್ಗು ಜಾಗ ಗಣಿಯೊಳಗೆ ಮಾತ್ರ ಐತೆ,” ಎಂದ ವೆಂಕಿ. “ಇಲ್ಲಿ ಯಾವ ಸಿಗ್ನಲ್ಲು?”

“ಚಲಪತಿ ಏರಿಯಲ್ಲಿ ಅಂದ. ಅವನು ಸುಮ್ನೆ ಹೇಳೋನಲ್ಲ. ನೀರಿಗೆ ಎಳೆಯೋ ಶಕ್ತಿ ಇರ್ತದೆ.”

“ನೀರೆಲ್ಲೈತೆ?”

“ಕೆಳಗಡೆ ಇರ್ತದೆ, ಸುಮ್ನಿರು.”

ಕಟ್ಟೆಯ ಮೇಲೆ ಅಮ್ಮಾಜಮ್ಮ ಸೊಂಟಕ್ಕೆ ಕೈಕೊಟ್ಟು ನಿಂತರು. “ಪುಷ್ಪಾ, ಏರಿ ಅಂದ್ರೆ ಇದು ಕಣಮ್ಮ. ಕೆರೆಯೊಳಕ್ಕೆ ಎಮ್ಮೆ ಇಳಿಸ್ತಾರೆ, ಟಿವಿ ಇಳಿಸ್ತಾರಾ? ಕೇಳು ಅವರ್ನ.”

ಪುಷ್ಪ ಬಾಯಿಗೆ ಕೈ ಅಡ್ಡವಿಟ್ಟು ಕೂಗಿ ಕೇಳಿದಳು. “ಏರಿ ಅಂದ್ರೆ ಇದೇ ಅಂತೇಳು ಅತ್ತೆಗೆ,” ಎಂದು ಕೆಳಗಿನಿಂದ ಉತ್ತರ ಬಂತು. “ನಮ್ಮ ತಾತನ ಕಾಲದಿಂದ ಇದೇ ಏರಿ.”

“ಅವರ ತಾತನ ಏರಿಯಾಗೆ ಅವರು ಇರ್ಲಿ, ಅಂತೇಳು.”

ಮರುಪ್ರಸಾರ ಕೇಂದ್ರ ದಣಿಯಿತು. “ನೀವಿಬ್ರೂ ಒಂದು ದಿನ ನೇರವಾಗಿ ಮಾತಾಡ್ಕಬಾರ್ದಾ,” ಎಂದು ಗೊಣಗಿ, ವೈರಿನ ಸುರುಳಿಯ ತುದಿ ಎಳೆದುಕೊಂಡು ಬರಲು ಕೆಳಗೆ ಓಡಿದಳು. ಆಟೋ ಏಳುವಂತಿರಲಿಲ್ಲ, ಕಾರ್ಯಕ್ರಮ ಶುರುವಾಗುವುದರಲ್ಲಿತ್ತು. ಆದ್ದರಿಂದ ಟಿವಿ ಇದ್ದಲ್ಲೇ ಇತ್ತು, ವೈರು ಕಟ್ಟೆ ಹತ್ತಿತು. ಅಮ್ಮಾಜಮ್ಮ ಪೈಪನ್ನು ನೆಲಕ್ಕೂರಿ, ಭತ್ತ ಕುಟ್ಟುವ ಒನಕೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು, ದಿಬ್ಬದ ಬದಿಗೆ ಬಯಲಾಗಿ ಕಾಣುವ ಪಡುವಣ ದಿಕ್ಕಿಗೆ ತಿರುಗಿ ನಿಂತರು. ತಮಿಳಿನ ಏರಿಯಲ್ಲಿ ಟಿವಿ, ಕನ್ನಡದ ಏರಿಯಲ್ಲಿ ಏರಿಯಲ್. ವೆಂಕಿ ಹುಡುಕು ಎಂದು ಒತ್ತಿದ.

ಬಂತು. ಬೆಂಗಳೂರು ಕಳೆಕಳೆಯಾಗಿ, ಒಂದು ಇರುವೆಯಿಲ್ಲದೆ, ಒಂದು ದೆವ್ವವಿಲ್ಲದೆ ಕೆರೆಗೆ ಬಂತು. ತಿಂಗಳುಗಟ್ಟಲೆ ತಾನು ಬೋಧಿಸುತ್ತ ಬಂದದ್ದು ನಿಜವೆಂದು ಆರುಮುಗಂಗೂ ಆಗಲೇ ಗೊತ್ತಾದದ್ದು.

“ಅಮ್ಮ ಬಂದ್ಲು,” ಎಂದು ವೈರು ಮೇಲೆ ಮುಟ್ಟಿಸಿ ಮತ್ತೆ ಕೆಳಗಿಳಿದಿದ್ದ ಪುಷ್ಪ ಕೂಗಿದಳು.

ಪರದೆಯ ಮೇಲೆ ಹಸಿರು ಸೀರೆಯ ಅಮ್ಮಾಜಮ್ಮ ಶಶಿರೇಖಳ ಕೊರಳ ಮೇಲೆ ಕೈಯಿಟ್ಟು ನಿಂತಿದ್ದರು. ಕಟ್ಟೆಯ ಮೇಲೆ ಅದೇ ಹಸಿರು ಸೀರೆಯ ಅಮ್ಮಾಜಮ್ಮ ಏರಿಯಲ್ ಹಿಡಿದು, ಈ ಕಡೆ ಬೆನ್ನು ಹಾಕಿ ನಿಂತಿದ್ದರು. ಮಗಳ ಮಾತು ಕೇಳಿ ನೋಡಬೇಕೆಂದು ಅವರು ಎರಡು ಹೆಜ್ಜೆ ಕೆಳಗಿಟ್ಟರು. ಪರದೆಯ ಅಮ್ಮಾಜಮ್ಮ ಮೈಸೂರುಪಾಕಿನ ತಟ್ಟೆಯ ಹಾಗೆ ಚೌಕಚೌಕವಾಗಿ ಕತ್ತರಿಸಿಕೊಂಡು ನಿಂತುಬಿಟ್ಟರು. ವೆಂಕಿ ಹಿಂದಕ್ಕೆ ಹೋಗಿ ಎಂದು ಕೈ ಬೀಸಿದ. ಅವರು ಹಿಂದಕ್ಕೆ ಹೋದರು, ಪರದೆಯವರು ಬದುಕಿಕೊಂಡರು. ಊರಿಗೆಲ್ಲ ಕಾಣುತ್ತಿರುವ ಅಮ್ಮಾಜಮ್ಮ ಅಮ್ಮಾಜಮ್ಮನಿಗೊಬ್ಬರಿಗೇ ಕಾಣುತ್ತಿರಲಿಲ್ಲ.

ಆರುಮುಗಂ ಪರದೆ ನೋಡಿದ. ಎಷ್ಟು ವರ್ಷ ಛಾವಣಿಯ ಮೇಲಿದ್ದರೂ ಅವನು ಚಿತ್ರ ಬಂದ ಗಳಿಗೆಯಲ್ಲಿ ಅದರ ಮುಂದೆ ಕೂತವನಲ್ಲ. ಅದು ಯಾವಾಗಲೂ ಬೇರೆಯವರ ಪಾಲು. ಈಗ ಕಡೆಗೂ ಮುಂದೆ ಕೂತಿದ್ದ, ಅದೂ ಇಂಥ ಚಿತ್ರ. ಇನ್ನೊಂದು ಸಲ ಕಣ್ತುಂಬ ನೋಡಿ, ಪಂಚೆ ಎತ್ತಿ ಕಟ್ಟಿ, ಕೆಸರಿನಲ್ಲಿ ಎರಡು ಸಲ ಜಾರಿ ಕಟ್ಟೆ ಹತ್ತಿದ.

ಅತ್ತೆಯ ಎದುರು ನಿಂತಾಗ ತೊಡಕು ಎದ್ದಿತು. ಮಧ್ಯೆ ಪುಷ್ಪ ಇರಲಿಲ್ಲ, ಕಂಬವಿರಲಿಲ್ಲ, ಹಸುವಂತೂ ಟಿವಿಯೊಳಗಿತ್ತು. ಅಮ್ಮಾಜಮ್ಮ ಒಂದು ಕ್ಷಣ ಸುತ್ತ ನೋಡಿ, ಕೈಯಲ್ಲಿದ್ದ ಏರಿಯಲ್ಲಿಗೇ ಹೇಳಿದರು: “ಅಳಿಯಂದಿರ ಕೈಯಾಗಿರಮ್ಮ. ಅವರಿಗೆ ಅಭ್ಯಾಸ ಐತೆ. ಅಲ್ಲಾಡಬ್ಯಾಡ.”

ಆರುಮುಗಂ ಹಿಡಿದುಕೊಂಡ. ಅವರು ಸೆರಗು ಸಿಕ್ಕಿಸಿಕೊಂಡು, ಜಾರುವ ದಾರಿಯಲ್ಲಿ ಕೆಳಗಿನಿಂದ ಓಡಿ ಬಂದ ಪುಷ್ಪಳ ಭುಜ ಹಿಡಿದು ಇಳಿದರು. ಅವನು ಉಸಿರನ್ನೂ ಅಳತೆಯಲ್ಲಿ ಬಿಡುತ್ತ ನಿಂತ. ತೋಳು ಸೋತಿತು, ಬೆನ್ನ ಮೇಲೆ ಒಂದು ಸೊಳ್ಳೆ ಕೂತು ತನಗೆ ಬೇಕಾದಷ್ಟು ಹೊತ್ತು ಊಟ ಮಾಡಿತು, ಅವನು ಕದಲಲಿಲ್ಲ. ಕೆಳಗಿನಿಂದ ಗಾಳಿಯಲ್ಲಿ ಅತ್ತೆಯ ಧ್ವನಿ ಎರಡೆರಡಾಗಿ ಬರುತ್ತಿತ್ತು. ಟಿವಿಯೊಳಗಿನ ಅತ್ತೆ, “ಹಾಲು ಕರೆದ ಮೇಲೆ ಹಸು ಕೂಡಲೇ ಮಲಗದಂತೆ ನೋಡಿಕೊಳ್ಳಬೇಕು,” ಎಂದು ಬರೆದುಕೊಟ್ಟಂತೆ ಹೇಳಿದರೆ, ಆಟೋದ ಮುಂದಿನ ಅತ್ತೆ, “ನಾನು ಇಂಗೇಳಿರ್ಲಿಲ್ಲ, ಅವರೇ ಏಳಿಸಿದ್ದು,” ಎಂದು ಕಾರ್ಯಕ್ರಮದವರ ಮೇಲೆ ದೂರು ಹೇಳುತ್ತಿದ್ದರು. ಆಮೇಲೆ ನಗು ಕೇಳಿಸಿತು. ಅತ್ತೆ ನಗುವುದನ್ನು ಅವನು ಅದಕ್ಕೆ ಮೊದಲು ಕೇಳಿರಲಿಲ್ಲ. ತಿರುಗಿ ನೋಡುವಂತಿರಲಿಲ್ಲ; ಪಡುವಣದ ಕಡೆಗೇ ಮುಖ ಮಾಡಿ ಕೇಳಿಸಿಕೊಂಡ.

ಕಾರ್ಯಕ್ರಮ ಮುಗಿದ ಮೇಲೆ ಅವನು ಏರಿಯಲ್ ಹೊತ್ತು ಇಳಿದು ಬಂದ. ಹೇಗಿತ್ತು ಎಂದು ಕೇಳುವ ಧೈರ್ಯವಾಗದೆ ಪುಷ್ಪಳ ಮುಖ ನೋಡಿದ.

ಅಮ್ಮಾಜಮ್ಮ ಪುಷ್ಪಳ ಕಡೆಗೇ ತಿರುಗಿದರು. “ಶಶಿರೇಖ ಲಕ್ಷಣವಾಗಿ ಬಂದವ್ಳೆ. ಮಾತೂ ಚೆನ್ನಾಗಿ ಬಂತು. ನಾನೇ ಒಂಚೂರು ಕಪ್ಪಗೆ ಬಂದ್ಬುಟ್ಟೆ. ಕೋಲು ನೆಟ್ಟಗೆ ಇಡ್ಕಂಡಿದ್ರೆ ಬೆಳ್ಳಗೆ ಬತ್ತಿದ್ನೇನೋ. ಕೇಳು ಅವರ್ನ.”

ವೆಂಕಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡ. ಡಿಜಿಟಲ್ಲಿನಲ್ಲಿ ಬಣ್ಣ ಏರಿಯಲ್ಲಿನಿಂದ ಕೆಡುವುದಿಲ್ಲ ಎಂದು ಲೈನಿಗೆಲ್ಲ ಪಾಠ ಹೇಳಿದ್ದವನ ಬಾಯಿ ತೆರೆಯಿತು. ಅತ್ತೆ ಕಾಯುತ್ತಿದ್ದರು. ಇಷ್ಟು ವರ್ಷದಲ್ಲಿ ಅವನಿಂದ ಒಂದು ಉತ್ತರಕ್ಕಾಗಿ ಅವರು ಕಾದದ್ದು ಅವನಿಗೆ ನೆನಪಿರಲಿಲ್ಲ.

“ಹೌದು, ಕೈ ಒಂಚೂರು ಅಲ್ಲಾಡಿಬಿಡ್ತು ಅಂತೇಳು,” ಎಂದ ಆರುಮುಗಂ.

“ನಂಗೊತ್ತಿತ್ತು,” ಎಂದು ಅಮ್ಮಾಜಮ್ಮ ಗೆದ್ದ ಮುಖದಲ್ಲಿ ರೇಷ್ಮೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಹೂತ ಆಟೋ ತಳ್ಳುವುದಕ್ಕೆ ಎಲ್ಲರಿಗಿಂತ ಮೊದಲು ಕೆಸರಿಗಿಳಿದರು.